ಇಲ್ಮೆನಾವ್ ಪಕ್ಕದ ಹಳ್ಳಿಯಲ್ಲಿ ಮನೆ ಹಿಡಿಯಬಹುದೇ? ಮೊದಲು ಗಡಿ ನೋಡಿ

ಜರ್ಮನಿಯ ಇಲ್ಮೆನಾವ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಊರೊಳಗೆ ರೂಮು ಸಿಗುತ್ತಿಲ್ಲ, ಬೆಟ್ಟದ ಮೇಲಿನ ಷ್ಮೀಡೆಫೆಲ್ಡ್ ಹಳ್ಳಿಯಲ್ಲಿ ಬಾಡಿಗೆ ಅಗ್ಗ, ಅಲ್ಲಿರಲೋ ಅಥವಾ ಎರ್ಫುರ್ಟ್‌ನಲ್ಲಿದ್ದು ರೈಲಿನಲ್ಲಿ ಓಡಾಡಲೋ, "ಹೇಗಿದ್ದರೂ ಎಲ್ಲ ಒಂದೇ ಜಿಲ್ಲೆ ತಾನೇ" ಅಂತ ಕೇಳಿದ್ದೀರಿ. ಆ ಕೊನೆಯ ಮಾತಿದೆಯಲ್ಲ, ಅದನ್ನೇ ನಾನೂ ಅಂದುಕೊಂಡು ಏಳು ವಾರದ ಸಂಬಳ ಕಳೆದುಕೊಂಡೆ.

ಒಂದೇ ಜಿಲ್ಲೆ ಅಲ್ಲ. ನೀವು ಹೆಸರಿಸಿದ ಮೂರು ಊರು ಮೂರು ಬೇರೆ ಬೇರೆ ಆಡಳಿತಕ್ಕೆ ಸೇರಿವೆ. ಇಲ್ಮೆನಾವ್ ಇರುವುದು ಇಲ್ಮ್-ಕ್ರೈಸ್ ಜಿಲ್ಲೆಯಲ್ಲಿ. ಷ್ಮೀಡೆಫೆಲ್ಡ್ 2019ರ ಜನವರಿ 1ರಿಂದ ಸೂಲ್ ನಗರದ ಭಾಗ. ಎರ್ಫುರ್ಟ್ ತನಗೆ ತಾನೇ ಜಿಲ್ಲೆ. ನಗರವೋ ಹಳ್ಳಿಯೋ ಅನ್ನುವುದು ಇಲ್ಲಿ ಎರಡನೇ ಪ್ರಶ್ನೆ. ನಿಮ್ಮ ಫೈಲು ಯಾವ ಕಚೇರಿಯ ಬೀರುವಿನಲ್ಲಿರುತ್ತದೆ ಅನ್ನುವುದು ಮೊದಲನೆಯದು.

ನನ್ನ ಕಥೆ ಬೇರೆ ಎರಡು ಜಿಲ್ಲೆಗಳ ನಡುವೆ ನಡೆದದ್ದು. ಹೆಸರು ಬೇಡ, ತಪ್ಪು ಅವರದಲ್ಲ. ಕೆಲಸದ ಪರವಾನಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತಿತ್ತು. ತಿಂಗಳಿಗೆ 120 ಯೂರೋ ಉಳಿಯುತ್ತದೆ ಅಂತ ಸೆಪ್ಟೆಂಬರ್ 8ಕ್ಕೆ ಪಕ್ಕದ ಹಳ್ಳಿಗೆ ಮನೆ ಬದಲಿಸಿದೆ. ಕೆಲಸ ಅದೇ, ಬಸ್ಸು ಅದೇ, ನಡುವೆ ಒಂದು ಹೊಲ ಮತ್ತು ಊರಿನ ಹೆಸರಿನ ಒಂದು ಹಳದಿ ಫಲಕ. 11ಕ್ಕೆ ಹೊಸ ಊರಿನ ಪುರಸಭೆಗೆ ಹೋಗಿ ವಿಳಾಸ ನೋಂದಣಿ ಮಾಡಿಸಿದೆ. ಇಲ್ಲಿ ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ, ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಅಲ್ಲಿಯವರೆಗೆ ಎಲ್ಲ ಸರಿ. 12ಕ್ಕೆ ಪರವಾನಗಿ ವಿಸ್ತರಣೆಯ ಅರ್ಜಿಯನ್ನು ಹಳೆಯ ಜಿಲ್ಲೆಯ ವಿದೇಶಿಯರ ಕಚೇರಿಗೆ ಇಮೇಲ್ ಮಾಡಿದೆ. ಫೈಲು ಅಲ್ಲಿತ್ತು, ಅಲ್ಲಿನವರಿಗೆ ನನ್ನ ಮುಖ ಗೊತ್ತಿತ್ತು. ನಮ್ಮ ಕಡೆ ಹೀಗೇ ತಾನೇ, ಫೈಲು ಎಲ್ಲಿದೆಯೋ ಅಲ್ಲಿಗೆ ಹೋಗುತ್ತೇವೆ.

ಇಲ್ಲಿ ಹಾಗಲ್ಲ. ಅರ್ಜಿ ಹಾಕುವ ದಿನ ನೀವು ಎಲ್ಲಿ ವಾಸವಾಗಿದ್ದೀರೋ ಆ ಜಿಲ್ಲೆಯ ಕಚೇರಿಗೆ ಮಾತ್ರ ಅಧಿಕಾರ. ಪುರಸಭೆಯಲ್ಲಿ ವಿಳಾಸ ಬದಲಿಸಿದ ಕೂಡಲೇ ಆ ಸುದ್ದಿ ವಿದೇಶಿಯರ ಕಚೇರಿಗೆ ತಾನಾಗಿ ಹೋಗುತ್ತದೆ. ಹಳೆಯ ಕಚೇರಿಯವರು ನನ್ನ ಅರ್ಜಿ ತೆರೆಯುವ ಹೊತ್ತಿಗೆ, ನಾನು ಅವರ ಜಿಲ್ಲೆಯವನಲ್ಲ ಅಂತ ಅವರ ಕಂಪ್ಯೂಟರಿಗೇ ಗೊತ್ತಿತ್ತು. ಸುದ್ದಿ ಹೋಯಿತು, ಫೈಲು ಹೋಗಲಿಲ್ಲ. ಫೈಲು ಹೋಗುವುದು ಹೊಸ ಕಚೇರಿ ಕೇಳಿದಾಗ. ಹೊಸ ಕಚೇರಿ ಕೇಳುವುದು ನಾನು ಅಲ್ಲಿ ಅರ್ಜಿ ಹಾಕಿದಾಗ. ನಾನು ಹಾಕಿದ್ದು ಹಳೆಯ ಕಡೆ. ಅಕ್ಟೋಬರ್ 4ಕ್ಕೆ ಉತ್ತರ ಬಂತು, "ನಮಗೆ ಸಂಬಂಧವಿಲ್ಲ, ಮುಂದಕ್ಕೆ ಕಳಿಸಿದ್ದೇವೆ" ಅಂತ. ಅಷ್ಟರಲ್ಲಿ ಪರವಾನಗಿ ಮುಗಿದು ನಾಲ್ಕು ದಿನ.

ಈ ನಾಲ್ಕು ದಿನ ಯಾಕೆ ಅಷ್ಟು ದುಬಾರಿ ಅಂದರೆ, ನಿವಾಸ ಕಾಯ್ದೆಯ 81ನೇ ಕಲಂನ 4ನೇ ಉಪಕಲಂ. ಹಳೆಯ ಪರವಾನಗಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೂ ಹಳೆಯದೇ ಜಾರಿಯಲ್ಲಿದೆ ಅಂತ ಕಾನೂನೇ ಊಹಿಸಿಕೊಳ್ಳುತ್ತದೆ. ಕೆಲಸದ ಹಕ್ಕೂ ಮುಂದುವರಿಯುತ್ತದೆ. ಅದಕ್ಕೆ ಕೊಡುವ ಕಾಗದದ ಹೆಸರು ಫಿಕ್ಸಿಯೋನ್ಸ್‌ಬೆಶೈನಿಗುಂಗ್. ಒಂದು ದಿನ ತಡವಾದರೂ ಈ ಊಹೆ ತಾನಾಗಿ ಹುಟ್ಟುವುದಿಲ್ಲ. ಅನ್ಯಾಯದ ಕಷ್ಟ ತಪ್ಪಿಸಲು ಅಂತ ಕಚೇರಿ ಅದನ್ನು ಕೊಡಬಹುದು, ಆದರೆ ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ನನ್ನ ಅರ್ಜಿ ಹೊಸ ಕಚೇರಿಯ ಟಪಾಲಿಗೆ ಬಿದ್ದ ದಿನವನ್ನೇ ಅವರು ಲೆಕ್ಕಕ್ಕೆ ಹಿಡಿದರು. ಕಂಪನಿಯವರೂ ಸುಮ್ಮನಿರುವಂತಿಲ್ಲ. ವಿದೇಶಿ ನೌಕರನ ಪರವಾನಗಿ ಚಾಲ್ತಿಯಲ್ಲಿದೆಯೇ ಅಂತ ನೋಡಿ ಪ್ರತಿ ಇಟ್ಟುಕೊಳ್ಳುವ ಹೊಣೆ ಅವರ ಮೇಲಿದೆ. "ಕಾಗದ ಬರುವವರೆಗೆ ಬರಬೇಡಿ" ಅಂದರು. ಕಾಗದ ಬರಲು ಏಳು ವಾರ. ತಿಂಗಳಿಗೆ 120ರಂತೆ ವರ್ಷಕ್ಕೆ 1440 ಯೂರೋ ಉಳಿಸಲು ಹೋದವನ ಲೆಕ್ಕ ಇದು.

ಮೂಲ ಗೊಂದಲ ಎಲ್ಲಿತ್ತು ಅಂದರೆ, ಲಾಂಡ್‌ಕ್ರೈಸ್ ಅನ್ನುವ ಪದವನ್ನು ನಾನು "ಜಿಲ್ಲೆ" ಅಂತ ಅನುವಾದ ಮಾಡಿಕೊಂಡು ಬಿಟ್ಟಿದ್ದೆ. ಜಿಲ್ಲೆ ಅಂದ ಕೂಡಲೇ ನಮಗೆ ಹತ್ತಾರು ಲಕ್ಷ ಜನ, ನಾಲ್ಕೈದು ತಾಲ್ಲೂಕು, ಮೇಲೊಬ್ಬ ಡಿಸಿ ಕಣ್ಣಿಗೆ ಬರುತ್ತಾರೆ. ಇಲ್ಮ್-ಕ್ರೈಸ್‌ನ ವಿಸ್ತೀರ್ಣ ಸುಮಾರು 805 ಚದರ ಕಿಲೋಮೀಟರ್, ಜನ ಒಂದು ಲಕ್ಷದ ಮೇಲೆ ಸ್ವಲ್ಪ. ನಮ್ಮ ಒಂದು ತಾಲ್ಲೂಕಿನಷ್ಟು, ಅಷ್ಟೇ. ಕರ್ನಾಟಕದ ಅರ್ಧಕ್ಕಿಂತ ಎಷ್ಟೋ ಚಿಕ್ಕದಾದ ಥುರಿಂಗಿಯಾ ರಾಜ್ಯದಲ್ಲಿ ಇಂಥ ಗ್ರಾಮಾಂತರ ಜಿಲ್ಲೆಗಳು 17, ಅವುಗಳ ಜೊತೆಗೆ ಯಾವ ಜಿಲ್ಲೆಗೂ ಸೇರದ ಐದು ನಗರಗಳು: ಎರ್ಫುರ್ಟ್, ಯೇನಾ, ಗೇರಾ, ವೈಮರ್, ಸೂಲ್. ಇಡೀ ಜರ್ಮನಿಯಲ್ಲಿ 294 ಜಿಲ್ಲೆ, 106 ಸ್ವತಂತ್ರ ನಗರ. ಗಡಿಗಳು ಇಷ್ಟು ದಟ್ಟವಾಗಿದ್ದರೆ ಹದಿನೈದು ನಿಮಿಷ ಬಸ್ಸಿನಲ್ಲಿ ಕೂತರೂ ಒಂದನ್ನು ದಾಟುತ್ತೀರಿ.

ಇನ್ನು ಜಿಲ್ಲೆಯ ಮುಖ್ಯಸ್ಥ, ಅಂದರೆ ಲಾಂಡ್ರಾಟ್. ಇವರು ನಮ್ಮ ಡಿಸಿಯಂತೆ ಮೇಲಿಂದ ನೇಮಕವಾಗಿ ಬಂದವರಲ್ಲ. ಥುರಿಂಗಿಯಾದಲ್ಲಿ ಜನರೇ ನೇರವಾಗಿ ಆರು ವರ್ಷಕ್ಕೆ ಆರಿಸುತ್ತಾರೆ. ಜೊತೆಗೆ ಐದು ವರ್ಷಕ್ಕೊಮ್ಮೆ ಚುನಾಯಿತವಾಗುವ ಜಿಲ್ಲಾ ಸಭೆ, ಕ್ರೈಸ್‌ಟಾಗ್. ಇವರ ಕಚೇರಿಗೆ ಲಾಂಡ್ರಾಟ್ಸ್‌ಆಮ್ಟ್ ಅಂತ ಹೆಸರು. ನಮ್ಮ ಜಿಲ್ಲಾ ಪಂಚಾಯಿತಿ ಮತ್ತು ಡಿಸಿ ಕಚೇರಿ ಎರಡನ್ನೂ ಒಂದೇ ಸೂರಿನಡಿ ಒಬ್ಬರೇ ಮುಖ್ಯಸ್ಥರಿಗೆ ಕೊಟ್ಟಂತೆ. ಕಸ, ಶಾಲಾ ಕಟ್ಟಡ, ಊರೂರಿಗೆ ಬಸ್ಸು ಇವು ಜಿಲ್ಲೆಯ ಸ್ವಂತ ಕೆಲಸ. ವಿದೇಶಿಯರ ಪರವಾನಗಿ, ಡ್ರೈವಿಂಗ್ ಲೈಸೆನ್ಸ್, ವಾಹನ ನೋಂದಣಿ ಇವು ಸರ್ಕಾರದ ಪರವಾಗಿ ಮಾಡುವ ಕೆಲಸ. ದುಡ್ಡಿಗೆ ಜಿಲ್ಲೆಗೆ ಹೇಳಿಕೊಳ್ಳುವಂಥ ಸ್ವಂತ ತೆರಿಗೆ ಇಲ್ಲ, ಊರುಗಳಿಂದ ಪ್ರತಿವರ್ಷ ಪಾಲು ಎತ್ತುತ್ತದೆ. ಅದಕ್ಕೇ ಪುರಸಭೆಗೂ ಜಿಲ್ಲೆಗೂ ಬಜೆಟ್ ಕಾಲದಲ್ಲಿ ಎಳೆದಾಟ.

ನಿಮಗೆ ಬೇಕಾದದ್ದು ಇಷ್ಟು: ವಿಳಾಸ ನೋಂದಣಿ ಊರಿನ ಕೆಲಸ. ಪರವಾನಗಿ, ಲೈಸೆನ್ಸ್, ಕಾರಿನ ನಂಬರು ಜಿಲ್ಲೆಯ ಕೆಲಸ. ಆದಾಯ ತೆರಿಗೆ ಎರಡರದ್ದೂ ಅಲ್ಲ, ರಾಜ್ಯದ ಹಣಕಾಸು ಇಲಾಖೆಯದು. ಸ್ವತಂತ್ರ ನಗರದಲ್ಲಾದರೆ ಮೊದಲ ಎರಡೂ ಒಂದೇ ನಗರಾಡಳಿತದ ಕೈಯಲ್ಲಿ. ಎರ್ಫುರ್ಟ್‌ನಲ್ಲಿದ್ದ ಗೆಳೆಯರು "ನಗರಸಭೆಗೆ ಹೋಗಿ, ಎಲ್ಲ ಅಲ್ಲೇ ಆಗುತ್ತೆ" ಅಂತ ಹೇಳುವುದು ಇದಕ್ಕೇ. ಅವರಿಗೆ ಅದು ನಿಜ, ನಿಮಗೆ ಅಲ್ಲ.

ಈಗ ಷ್ಮೀಡೆಫೆಲ್ಡ್ ವಿಷಯ. ಇಲ್ಮೆನಾವ್‌ನಿಂದ ತೆಂಕಣಕ್ಕೆ ಬೆಟ್ಟ ಹತ್ತುವ ರಸ್ತೆಯಲ್ಲಿ ಮೊದಲು ಷ್ಟುಟ್ಸರ್‌ಬಾಖ್ ಸಿಗುತ್ತದೆ, ಆಮೇಲೆ ಷ್ಮೀಡೆಫೆಲ್ಡ್. ನೋಡಲು ಎರಡೂ ಒಂದೇ ಥರ, ಗೋಡೆಗೂ ಕಪ್ಪು ಸ್ಲೇಟು ಹೊದಿಸಿದ ಮನೆಗಳು, ಸುತ್ತ ಸ್ಪ್ರೂಸ್ ಕಾಡು. 2019ರ ಹೊಸ ವರ್ಷದ ದಿನ ಷ್ಟುಟ್ಸರ್‌ಬಾಖ್ ಮತ್ತು ಫ್ರಾವೆನ್‌ವಾಲ್ಡ್ ಇಲ್ಮೆನಾವ್‌ಗೆ ಸೇರಿದವು, ಷ್ಮೀಡೆಫೆಲ್ಡ್ ಮತ್ತು ಗೇಲ್‌ಬೆರ್ಗ್ ಸೂಲ್‌ಗೆ ಹೋದವು. ರಾಜ್ಯ ಸರ್ಕಾರ ಅದಕ್ಕೂ ಮೊದಲು ಜಿಲ್ಲೆಗಳನ್ನೇ ಒಟ್ಟುಗೂಡಿಸಲು ಹೊರಟಿತ್ತು. 2017ರ ಜೂನ್‌ನಲ್ಲಿ ರಾಜ್ಯದ ಸಂವಿಧಾನ ನ್ಯಾಯಾಲಯ ಅದರ ಪೂರ್ವಭಾವಿ ಕಾಯ್ದೆಯನ್ನು ರದ್ದು ಮಾಡಿತು. ಆಮೇಲೆ ಉಳಿದದ್ದು ಊರುಗಳು ತಾವಾಗಿ ಒಪ್ಪಿ ಸೇರುವ ದಾರಿ. ಹಾಗೆ ಒಪ್ಪಿ ಸೇರಿದ್ದರಿಂದಲೇ ಗಡಿ ಹೀಗೆ ಅಂಕುಡೊಂಕು.

ಆ ಬೆಟ್ಟದಲ್ಲಿ ಗಡಿ ಎಂದೂ ನೆಟ್ಟಗಿರಲಿಲ್ಲ ಅನ್ನಿ. ಷ್ಟುಟ್ಸರ್‌ಬಾಖ್ ಒಂದೇ ಹಳ್ಳಿ, ನಡುವೆ ಲೆಂಗ್‌ವಿಟ್ಸ್ ಅನ್ನುವ ಹೊಳೆ. ಹಿಂದೆ ಹೊಳೆಯ ಒಂದು ದಡ ಆಗಿನ ದೊಡ್ಡ ಜರ್ಮನ್ ರಾಜ್ಯವಾದ ಪ್ರಷ್ಯಾದ್ದು, ಇನ್ನೊಂದು ದಡ ವೈಮರ್ ದೊರೆಯದು. ಷ್ಮೀಡೆಫೆಲ್ಡ್ ಪ್ರಷ್ಯಾಕ್ಕೆ, ಗೇಲ್‌ಬೆರ್ಗ್ ಗೋಥಾ ಅರಸರಿಗೆ, ಇಲ್ಮ್-ಕ್ರೈಸ್‌ನ ಇನ್ನೊಂದು ಊರಾದ ಆರ್ನ್‌ಷ್ಟಾಟ್ ಷ್ವಾರ್ಟ್ಸ್‌ಬುರ್ಗ್ ಮನೆತನಕ್ಕೆ. ಇಲ್ಮೆನಾವ್ 1583ರವರೆಗೆ ಹೆನ್ನೆಬೆರ್ಗ್ ಅರಸು ಮನೆತನದ್ದಾಗಿತ್ತು, 1661ರಿಂದ ವೈಮರ್‌ನದು. 1920ರ ಮೇ 1ರಂದು ಸಣ್ಣ ಸಂಸ್ಥಾನಗಳೆಲ್ಲ ಕೂಡಿ ಥುರಿಂಗಿಯಾ ಆದಾಗಲೂ ಪ್ರಷ್ಯಾದ ತುಂಡುಗಳು ಹೊರಗೇ ಉಳಿದವು. ಇಂದಿನ ರಾಜಧಾನಿ ಎರ್ಫುರ್ಟ್ ಕೂಡ ಆಗ ಪ್ರಷ್ಯಾದಲ್ಲಿತ್ತು. 1952ರಲ್ಲಿ ಪೂರ್ವ ಜರ್ಮನಿ ರಾಜ್ಯಗಳನ್ನು ಒಡೆದು ಬೆಜಿರ್ಕ್ ಅನ್ನುವ ಆಡಳಿತ ವಿಭಾಗಗಳನ್ನು ಮಾಡಿತು. ಆರ್ನ್‌ಷ್ಟಾಟ್ ಎರ್ಫುರ್ಟ್ ಬೆಜಿರ್ಕ್‌ಗೆ, ಇಲ್ಮೆನಾವ್ ಸೂಲ್ ಬೆಜಿರ್ಕ್‌ಗೆ ಬಿತ್ತು. ಕೊನೆಗೆ 1994ರ ಜುಲೈ 1ಕ್ಕೆ ಆರ್ನ್‌ಷ್ಟಾಟ್, ಇಲ್ಮೆನಾವ್ ಎಂಬ ಎರಡು ಕ್ರೈಸ್‌ಗಳನ್ನು (ಜಿಲ್ಲೆಗಳನ್ನು) ಸೇರಿಸಿ ಇಲ್ಮ್-ಕ್ರೈಸ್ ಮಾಡಿದರು. ಜಿಲ್ಲಾ ಕೇಂದ್ರ ಆರ್ನ್‌ಷ್ಟಾಟ್. ದೊಡ್ಡ ಊರು, ವಿಶ್ವವಿದ್ಯಾಲಯದ ಊರು ಇಲ್ಮೆನಾವ್. ಜಿಲ್ಲೆ ಒಂದಾದರೂ ಪಿನ್ ಕೋಡ್ ಒಂದಾಗಲಿಲ್ಲ, ಆರ್ನ್‌ಷ್ಟಾಟ್ 99ರಿಂದ ಶುರು, ಇಲ್ಮೆನಾವ್ 98ರಿಂದ. ಕಾರುಗಳ ನಂಬರ್ ಪ್ಲೇಟಿನ ಮೇಲೆ ಐಕೆ ಅಂತ ಇದ್ದದ್ದಕ್ಕೆ 2012ರಲ್ಲಿ ಹಳೆಯ ಎಆರ್‌ಎನ್ ಮತ್ತು ಐಎಲ್ ಅಕ್ಷರಗಳನ್ನೂ ಮತ್ತೆ ಬಳಸಲು ಬಿಟ್ಟರು. ಯಾರು ಯಾವುದನ್ನು ಹಾಕಿಸಿದ್ದಾರೆ ನೋಡಿದರೆ ಮನಸ್ಸು ಯಾವ ಕಡೆ ಅಂತ ತಿಳಿಯುತ್ತದೆ.

ನೆಲವೂ ಎರಡು ಥರ. ಬಡಗಣಕ್ಕೆ, ಆರ್ನ್‌ಷ್ಟಾಟ್ ಕಡೆ, ಬಯಲು, ಗೋಧಿ, ಎರ್ಫುರ್ಟರ್ ಕ್ರೊಯ್ಟ್ಸ್ ಕೈಗಾರಿಕಾ ಪ್ರದೇಶ. ಚೀನಾದ ಸಿಎಟಿಎಲ್ ಬ್ಯಾಟರಿ ಕಾರ್ಖಾನೆ ಅಲ್ಲೇ ಇದೆ, 2022ರ ಕೊನೆಯಲ್ಲಿ ಸೆಲ್ ತಯಾರಿಕೆ ಶುರುವಾಯಿತು. ವಿಮಾನದ ಇಂಜಿನ್ ರಿಪೇರಿಯ ದೊಡ್ಡ ಘಟಕವೂ ಅಲ್ಲಿದೆ. ನಿಮ್ಮ ಇಂಟರ್ನ್‌ಶಿಪ್ ಸಿಕ್ಕರೆ ಆ ಕಡೆಯೇ ಸಿಗುವ ಸಂಭವ ಹೆಚ್ಚು. ತೆಂಕಣಕ್ಕೆ ಥುರಿಂಗಿಯಾ ಕಾಡಿನ ಬೆಟ್ಟಸಾಲು, ನೆತ್ತಿಯ ಮೇಲೆ 169 ಕಿಲೋಮೀಟರಿನ ರೆನ್‌ಷ್ಟೈಗ್ ಕಾಲುದಾರಿ. ಆ ನೆತ್ತಿಯ ಕೆಳಗೇ ಎ71 ಹೆದ್ದಾರಿಯ ಸುರಂಗ, 7916 ಮೀಟರ್, ಜರ್ಮನಿಯ ಅತಿ ಉದ್ದದ ರಸ್ತೆ ಸುರಂಗ. ಇಲ್ಮೆನಾವ್ ಪಕ್ಕದ ಕಿಕೆಲ್‌ಹಾನ್ ಶಿಖರ 861 ಮೀಟರ್. ಜಿಲ್ಲೆಗೆ ಹೆಸರು ಕೊಟ್ಟ ಇಲ್ಮ್ ನದಿ ಷ್ಟುಟ್ಸರ್‌ಬಾಖ್ ಸುತ್ತಿನ ಹೊಳೆಗಳು ಕೂಡಿ ಹುಟ್ಟಿ, ವೈಮರ್ ಹಾದು ಸಾಲೆ ನದಿಗೆ ಸೇರುತ್ತದೆ. ಬೇಸಿಗೆಯಲ್ಲಿ ಮನೆ ನೋಡಲು ಹೋದವರಿಗೆ ಈ ಎತ್ತರ ಕಾಣುವುದಿಲ್ಲ. ಆರ್ನ್‌ಷ್ಟಾಟ್‌ನಲ್ಲಿ ಮಳೆ ಬೀಳುವ ದಿನ ಬೆಟ್ಟದ ಮೇಲೆ ಹಿಮ ಬಿದ್ದಿರುತ್ತದೆ. ಬೆಳಗ್ಗೆ ಎಂಟರ ಲ್ಯಾಬಿಗೆ ಅಲ್ಲಿಂದ ಇಳಿಯುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ ಬೇರೆಯೇ ಕೆಲಸ.

ಬಸ್ಸಿನ ವೇಳಾಪಟ್ಟಿ ಓದುವುದನ್ನೂ ಕಲಿಯಿರಿ. ಹಳ್ಳಿ ಬಸ್ಸುಗಳ ಸಮಯದ ಪಕ್ಕ ಸಣ್ಣ ಎಸ್ ಅಕ್ಷರ ಇದ್ದರೆ ಅದು ಶಾಲೆ ಇರುವ ದಿನ ಮಾತ್ರ. ಶಾಲೆಗೆ ರಜೆ, ನಿಮಗೆ ಪರೀಕ್ಷೆ, ಆ ವಾರ ಬಸ್ಸೇ ಇಲ್ಲ. ಶನಿವಾರ ಭಾನುವಾರದ ಕಾಲಂ ಬೇರೆ ನೋಡಿ, ಕೆಲವು ಹಳ್ಳಿಗಳಿಗೆ ಮೊದಲೇ ಫೋನ್ ಮಾಡಿದರೆ ಮಾತ್ರ ಬರುವ ಬಸ್ಸು.

ಹಾಗಾದರೆ ಮನೆ ಹಿಡಿಯುವ ಮೊದಲು ಗಡಿ ನೋಡುವುದು ಹೇಗೆ? ಪಿನ್ ಕೋಡ್ ನಂಬಬೇಡಿ, ಅದು ಅಂಚೆಯವರ ಅನುಕೂಲಕ್ಕೆ ಇರುವುದು. ಊರಿನ ಎಂಟಂಕಿಯ ಸರ್ಕಾರಿ ಸಂಕೇತ ನೋಡಿ. ಮೊದಲ ಎರಡಂಕಿ ರಾಜ್ಯ, ಮೊದಲ ಐದು ಸೇರಿದರೆ ಜಿಲ್ಲೆ, ಕೊನೆಯ ಮೂರು ಊರು. ಥುರಿಂಗಿಯಾಕ್ಕೆ 16. 16070 ಇದ್ದರೆ ಇಲ್ಮ್-ಕ್ರೈಸ್, 16054 ಸೂಲ್, 16051 ಎರ್ಫುರ್ಟ್. 2019ಕ್ಕೆ ಮುಂಚಿನ ಪಟ್ಟಿ ಅಥವಾ ನಕ್ಷೆ ಆದರೆ ಪಕ್ಕಕ್ಕಿಡಿ, ಅದರಲ್ಲಿ ಷ್ಮೀಡೆಫೆಲ್ಡ್ ಇನ್ನೂ ಇಲ್ಮ್-ಕ್ರೈಸ್‌ನಲ್ಲೇ ಇರುತ್ತದೆ. ಮನೆ ಜಾಹೀರಾತುಗಳಲ್ಲಂತೂ "ಇಲ್ಮೆನಾವ್ ಹತ್ತಿರ" ಅಂತಲೇ ಬರೆಯುತ್ತಾರೆ. ಹತ್ತಿರ ಹೌದು.

ನಿಮ್ಮ ವಿಷಯದಲ್ಲಿ ಗಡಿ ಮೊದಲ ದಿನದಿಂದಲೇ ಕಾಡುತ್ತದೆ. ಬೆಂಗಳೂರಿನಿಂದ ಬರುವಾಗ ಕೈಯಲ್ಲಿರುವುದು ಮೂರೋ ಆರೋ ತಿಂಗಳ ಡಿ-ವೀಸಾ, ಅಂದರೆ ಇಲ್ಲಿ ನೆಲೆಸಲು ಬರುವವರಿಗೆ ಕೊಡುವ ವೀಸಾ. ಅದು ಮುಗಿಯುವ ಮೊದಲು ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು, ಅದೂ ಆ ದಿನ ನೀವಿರುವ ಜಿಲ್ಲೆಯಲ್ಲಿ. ಸಾಮಾನ್ಯವಾಗಿ ನಮ್ಮ ಹುಡುಗರು ಮಾಡುವುದೇನು? ಮೊದಲ ತಿಂಗಳು ಎರ್ಫುರ್ಟ್‌ನಲ್ಲಿ ಯಾರದೋ ರೂಮಿನಲ್ಲಿ ಇಳಿಯುತ್ತಾರೆ, ಬ್ಯಾಂಕ್ ಖಾತೆಗೆ ಬೇಕು ಅಂತ ಅಲ್ಲೇ ವಿಳಾಸ ನೋಂದಾಯಿಸುತ್ತಾರೆ, ಅಲ್ಲೇ ಪರವಾನಗಿಗೆ ಅರ್ಜಿ ಹಾಕುತ್ತಾರೆ, ಎರಡನೇ ತಿಂಗಳು ಇಲ್ಮೆನಾವ್ ಹಾಸ್ಟೆಲ್ ಸಿಕ್ಕಿ ಹೊರಡುತ್ತಾರೆ. ಫೈಲು ಅರ್ಧ ದಾರಿಯಲ್ಲಿ. ನಿಮಗೆ ಎರಡು ಸುರಕ್ಷಿತ ದಾರಿ ಇವೆ. ಒಂದು, ಪರವಾನಗಿಯ ಕಾರ್ಡು ಕೈಗೆ ಬರುವವರೆಗೆ ಜಿಲ್ಲೆ ಬದಲಿಸಬೇಡಿ. ಇನ್ನೊಂದು, ಬದಲಿಸಲೇಬೇಕಾದರೆ ಬೇಗ ಬದಲಿಸಿ, ವಿಳಾಸ ನೋಂದಾಯಿಸಿದ ದಿನವೇ ಹೊಸ ಜಿಲ್ಲೆಗೆ ಅರ್ಜಿ ಕೊಡಿ. ವಿಳಾಸದ ಪ್ರಮಾಣಪತ್ರ, ಪಾಸ್‌ಪೋರ್ಟ್, ಈಗಿನ ವೀಸಾದ ಪ್ರತಿ ಇಟ್ಟು, "ನನ್ನ ಫೈಲು ಇಂಥ ಕಚೇರಿಯಲ್ಲಿದೆ, ಇಂಥ ಸಂಖ್ಯೆ, ದಯವಿಟ್ಟು ತರಿಸಿಕೊಳ್ಳಿ" ಅಂತ ಒಂದು ಸಾಲು ಸೇರಿಸಿ. ಆ ಒಂದು ಸಾಲು ನಾನು ಬರೆದಿರಲಿಲ್ಲ. ಆನ್‌ಲೈನ್‌ನಲ್ಲಿ ಹಾಕಿದರೆ ಸ್ವೀಕೃತಿಯನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಇಲ್ಲವಾದರೆ ಅದೇ ಕಾಗದಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿ, ತಲುಪಿದ ದಿನಾಂಕಕ್ಕೆ ಸಾಕ್ಷಿ ಸಿಗುತ್ತದೆ. ಭೇಟಿಯ ದಿನ ಎರಡು ತಿಂಗಳಾಚೆ ಕೊಟ್ಟರೂ ಭಯ ಬೇಡ, ಕಾನೂನು ನೋಡುವುದು ಅರ್ಜಿ ತಲುಪಿದ ದಿನವನ್ನು, ಭೇಟಿಯ ದಿನವನ್ನಲ್ಲ. ವಿಸ್ತರಣೆಗಾದರೆ ಮುಗಿಯುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಹಾಕಿ, ಆ ಅವಧಿಯಲ್ಲಿ ಬಾಡಿಗೆ ಎಷ್ಟೇ ಅಗ್ಗವಾದರೂ ಗಡಿ ದಾಟಬೇಡಿ.

ವಿಳಾಸ ನೋಂದಣಿಗೆ ಬಾಡಿಗೆ ಕರಾರು ತೋರಿಸಿದರೆ ಸಾಲದು. ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣದ ನಮೂನೆ ಬೇಕು: ಅವರ ಹೆಸರು, ಮನೆಯ ವಿಳಾಸ, ನೀವು ಸೇರಿದ ದಿನಾಂಕ, ಸೇರಿದ ಎಲ್ಲರ ಹೆಸರು. ಒಳಬಾಡಿಗೆಯಾದರೆ ಮುಖ್ಯ ಬಾಡಿಗೆದಾರರೇ ಸಹಿ ಮಾಡಬಹುದು. ಕೀಲಿ ಕೈಗೆ ಬರುವ ದಿನವೇ ಈ ಕಾಗದಕ್ಕೆ ಸಹಿ ತೆಗೆದುಕೊಳ್ಳಿ, ಆಮೇಲೆ ಮನೆಯವರು ರಜೆಗೆ ಹೋದರೆ ಎರಡು ವಾರ ಹೀಗೇ ಕಳೆಯುತ್ತದೆ.

ಡ್ರೈವಿಂಗ್ ಬಗ್ಗೆ ಯಾರೂ ಹೇಳಿರಲಿಕ್ಕಿಲ್ಲ. ಹಳ್ಳಿಯಲ್ಲಿದ್ದರೆ ಕಾರು ಬೇಕು ಅನ್ನಿಸಿಯೇ ಅನ್ನಿಸುತ್ತದೆ. ಕರ್ನಾಟಕದ ಲೈಸೆನ್ಸ್ ಇಲ್ಲಿ ನೆಲೆಸಿದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಜಿಲ್ಲಾ ಕಚೇರಿಯಲ್ಲಿ ಅರ್ಜಿ ಹಾಕಿ ಲಿಖಿತ, ಪ್ರಾಯೋಗಿಕ ಎರಡೂ ಪರೀಕ್ಷೆ ಪಾಸಾಗಬೇಕು. ಅಗ್ಗದ ಬಾಡಿಗೆಯ ಲೆಕ್ಕದಲ್ಲಿ ಈ ಖರ್ಚನ್ನೂ ಸೇರಿಸಿ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಎರ್ಫುರ್ಟ್ ಬೇಡವೇ ಬೇಡ. ರೈಲಿಗೆ ಸುಮಾರು ಒಂದು ಗಂಟೆ, ಹೋಗಿ ಬರಲು ಎರಡು, ದಾರಿಯಲ್ಲಿ ಸಿಗುವ ಪ್ಲಾವೆ ಹತ್ತಿರ ಹಳಿಯ ಕೆಲಸ ಏನಾದರೂ ನಡೆದರೆ ಬದಲಿ ಬಸ್ಸು. ದೊಡ್ಡ ಊರಿನ ಸುಖಕ್ಕೆ ಅಂತ ಹೋಗಿ ರೈಲಿನಲ್ಲೇ ನಿದ್ದೆ ಮಾಡುತ್ತೀರಿ. ಷ್ಮೀಡೆಫೆಲ್ಡ್ ಕೂಡ ಬೇಡ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಹಾಕಿ ಕಾಯಿರಿ, ಅದಾಗದಿದ್ದರೆ ಲಾಂಗೆವೀಸೆನ್ ನೋಡಿ. 2018ರಿಂದ ಅದು ಇಲ್ಮೆನಾವ್‌ನ ಭಾಗವೇ, ಊರಿಗೆ ಅಂಟಿಕೊಂಡಂತಿದೆ, ಸೈಕಲ್ ಸಾಕು. ಆರ್ನ್‌ಷ್ಟಾಟ್ ಆದರೂ ಅಡ್ಡಿಯಿಲ್ಲ, ರೈಲು ದಾರಿಯಲ್ಲೇ ಇದೆ, ಜಿಲ್ಲೆಯೂ ಅದೇ. 704ನೇ ಇಸವಿಯ ದಾನಪತ್ರದಲ್ಲೇ ಹೆಸರಿರುವ ಊರು ಅದು. ಹೆಸರಾಂತ ಸಂಗೀತಗಾರ ಬಾಖ್ 1703ರಿಂದ 1707ರವರೆಗೆ ಅಲ್ಲಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ನಾಲ್ಕು ವಾರ ರಜೆ ಕೇಳಿ ಲ್ಯೂಬೆಕ್‌ಗೆ ಹೋದವನು ಸುಮಾರು ನಾಲ್ಕು ತಿಂಗಳು ಬಿಟ್ಟು ಬಂದು, ಮೇಲಿನವರಿಗೆ ಲಿಖಿತ ದಾಖಲೆಯಲ್ಲೇ ಉತ್ತರ ಕೊಡಬೇಕಾಯಿತು. ಅವಧಿ ಮೀರಿದವರ ವಿಚಾರಣೆ ಈ ಜಿಲ್ಲೆಗೆ ಹೊಸದಲ್ಲ.

ಇನ್ನೊಂದು, ಮರೆಯುವ ಮುಂಚೆ. ಮನೆ ಸೇರಿದ ದಿನವೇ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ. ನಮ್ಮವರ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಉದ್ದಕ್ಕೆ ಬಂದಿರುತ್ತದೆ, ಪೆಟ್ಟಿಗೆ ಮೇಲೆ ಮಾತ್ರ ಕರೆಯುವ ಹೆಸರು ಬರೆದಿರುತ್ತೇವೆ. ತೆರಿಗೆ ಸಂಖ್ಯೆಯ ಪತ್ರ, ಪರವಾನಗಿ ಕಚೇರಿಯ ಪತ್ರ ಎರಡೂ ಬರುವುದು ಉದ್ದದ ಹೆಸರಿಗೆ. ಹೆಸರು ಕಾಣದಿದ್ದರೆ ಅಂಚೆಯವರು ಬಾಗಿಲು ತಟ್ಟುವುದಿಲ್ಲ, ಪತ್ರ ಹಾಗೇ ವಾಪಸ್ಸು ಹೋಗುತ್ತದೆ. ಪೆಟ್ಟಿಗೆ ಕಿರಿದು ಅಂತ ಹೆಸರು ಮೊಟಕು ಮಾಡಬೇಡಿ, ಅಕ್ಷರ ಸಣ್ಣದು ಮಾಡಿ.